ಗಿಳಿಯ ಬಾಯಿ ಮುಚ್ಚಿಸಿದ್ದು

ರಾಮಾಂಜಿನಮ್ಮನಿಗೆ ಇಡೀ ದಿನದಲ್ಲಿ ಒಂದು ಹೊತ್ತು ಮಾತ್ರ ತನ್ನದು ಅನ್ನಿಸುತ್ತಿತ್ತು. ಮಧ್ಯಾಹ್ನದ ಊಟ ಮುಗಿದು, ಸೊಸೆ ವನಜಾಕ್ಷಿ ಒಳಗೆ ಚಾಪೆ ಹಾಸಿಕೊಂಡು ಅರ್ಧ ಗಂಟೆ ಅಡ್ಡಾಗುವ ಹೊತ್ತು ಅದು. ದೊಡ್ಡೇರಿ ಕಡೆಯ ಆ ಊರಲ್ಲಿ ಆಗ ನಾಯಿಗಳೂ ಬೊಗಳುತ್ತಿರಲಿಲ್ಲ. ಹೊಂಗೆಮರ ಸದ್ದಿಲ್ಲದೆ ಹೂ ಉದುರಿಸುತ್ತಿತ್ತು. ದೂರದ ಮಧುಗಿರಿ ಬೆಟ್ಟ ಬಿಸಿಲಿನ ಝಳದಲ್ಲಿ ನೆಲ ಬಿಟ್ಟು ಒಂದು ಗೇಣು ಮೇಲೆದ್ದು ತೇಲುತ್ತಿರುವಂತೆ ಕಾಣುತ್ತಿತ್ತು. ಜಗಲಿಯ ಮೇಲೆ ಕಾಲು ನೀಡಿಕೊಂಡು ಹುಣಸೇಹಣ್ಣಿನ ಬೀಜ ಬಿಡಿಸುತ್ತಿದ್ದ ಮುದುಕಿಗೆ ಎಚ್ಚರವೋ ಮಂಪರೋ ಗೊತ್ತಾಗದ ಹಾಗಿರುವಾಗ, ಪಕ್ಕದಲ್ಲಿಟ್ಟಿದ್ದ ಸೊಸೆಯ ಫೋನು ‘ಕೀಂ’ ಅನ್ನುತ್ತಿತ್ತು.

ಪರದೆಯ ಮೇಲೆ ಒಂದು ಹಸಿರು ಗಿಳಿಯ ಚಿತ್ರ. ಅದರ ನೆತ್ತಿಯ ಮೇಲೆ ಕೆಂಪು ಚುಕ್ಕೆ. ಗಿಳಿಯನ್ನು ಒತ್ತಿದರೆ ಸಾಕು, ಪಾವಗಡದ ಕಡೆಗೆ ಕೊಟ್ಟಿದ್ದ ಮಗಳು ಪಟಾಲಮ್ಮನ ದನಿ ಬರುತ್ತಿತ್ತು.

“ಅವ್ವಾ, ಉಂಡ್ಯಾ? ನಾನಿವತ್ತು ಬದ್ನೇಕಾಯಿ ಗೊಜ್ಜು ಮಾಡಿದ್ದೆ ಕಣವ್ವ. ನೀನು ಮಾಡ್ತಿದ್ದಂಗೆ ಬರ್ಲಿಲ್ಲ.”

ಅಷ್ಟೇ ಮಾತು. ರಾಮಾಂಜಿನಮ್ಮ ಅದನ್ನೇ ನಾಲ್ಕು ಸಲ ಕೇಳುತ್ತಿದ್ದಳು. ಕೊನೆಗೆ ಸೊಸೆ ತೋರಿಸಿಕೊಟ್ಟಿದ್ದ ಜಾಗವನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದು, “ಎಳೇ ಬದ್ನೇಕಾಯಿ ಹಾಕ್ಬೇಕು ಕಣೇ, ಬೀಜ ಬಲಿತಿದ್ರೆ ಒಗರಾಯ್ತದೆ” ಅಂತ ಗಿಳಿಗೆ ಹೇಳಿ ಕಳಿಸುತ್ತಿದ್ದಳು.

ಈ ವಿಷಯ ಮಗ ಮುತ್ತುರಾಜನಿಗೆ ಗೊತ್ತಿರಲಿಲ್ಲ. ಅಣ್ಣ ತಂಗಿ ಮಾತು ಬಿಟ್ಟು ಏಳು ವರ್ಷವಾಗಿತ್ತು. ಅಪ್ಪ ಕದಿರಯ್ಯ ತೀರಿಕೊಂಡ ದಿನ ಪಟಾಲಮ್ಮ ಪಾವಗಡದಿಂದ ಬಸ್ಸು ಹತ್ತಿದ್ದೇನೆ ಅಂತ ಹೇಳಿಕಳಿಸಿದ್ದಳು. ಮಳೆ ಕವಿದಿತ್ತು, ಹಿರಿಯರು ಅವಸರ ಮಾಡಿದರು, ಮುತ್ತುರಾಜ ಹೂಂ ಅಂದುಬಿಟ್ಟ. ಅವಳು ಓಡಿ ಬರುವಷ್ಟರಲ್ಲಿ ಮಣ್ಣು ಮುಚ್ಚಿ ಆಗಿತ್ತು. “ಅಪ್ಪನ ಮುಖ ತೋರಿಸದಿದ್ದ ಮನೆ ನಂಗೆ ತವರಲ್ಲ” ಅಂದು ಅವಳು ಅಲ್ಲಿಂದಲೇ ತಿರುಗಿ ಹೋದಳು. “ಬರದಿದ್ರೆ ಬ್ಯಾಡ” ಅಂತ ಇವನೂ ಅಂದ. ಆಮೇಲೆ ಅವಳಿಗೊಂದು ಹೆಣ್ಣುಮಗು ಹುಟ್ಟಿತು, ಸುಜಾತ. ಆ ಮಗುವಿಗೆ ಈಗ ನಾಲ್ಕು ವರ್ಷ. ರಾಮಾಂಜಿನಮ್ಮ ಅದರ ಮುಖ ಕಂಡಿರಲಿಲ್ಲ.

ಅತ್ತೆ ಒಳಗೊಳಗೇ ಕೊರಗುವುದನ್ನು ನೋಡಲಾರದೆ ವನಜಾಕ್ಷಿಯೇ ಎರಡು ತಿಂಗಳ ಹಿಂದೆ ಈ ಏರ್ಪಾಡು ಮಾಡಿದ್ದಳು. ಪಟಾಲಮ್ಮನ ಗಂಡ ಕುವೈತಿನಲ್ಲಿ ಡ್ರೈವರು. ಅವನ ಜೊತೆ ಮಾತಾಡಲು ಅವಳು ಬಳಸುತ್ತಿದ್ದುದು ಈ ಗಿಳಿಯ ಆಪು. ಅದನ್ನೇ ವನಜಾಕ್ಷಿ ತನ್ನ ಫೋನಿಗೂ ಹಾಕಿಕೊಂಡಳು. ಮುತ್ತುರಾಜ ಮಧುಗಿರಿಯ ಕಚೇರಿಯೊಂದರಲ್ಲಿ ಜವಾನ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆಯೇ ಬರುವುದು. ಹಾಗಾಗಿ ಗಿಳಿ ಮಾತಾಡುವುದು ಮಧ್ಯಾಹ್ನ ಮಾತ್ರ ಎಂದು ಮೂವರೂ ಹೆಂಗಸರು ಗೊತ್ತುಮಾಡಿಕೊಂಡಿದ್ದರು.

ಮನೆಯಲ್ಲಿ ಒಳ್ಳೆಯ ಫೋನು ಅಂತ ಇದ್ದದ್ದು ಅದೊಂದೇ. ವನಜಾಕ್ಷಿ ಆಶಾ ಕಾರ್ಯಕರ್ತೆ. ನಾಲ್ಕು ಹಳ್ಳಿಯ ಬಸುರಿ ಬಾಣಂತಿಯರು ಆ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟುಕೊಂಡಿದ್ದರು. ಆದರೆ ಸಂಜೆ ಮುತ್ತುರಾಜ ಅದರಲ್ಲೇ ಪೌರಾಣಿಕ ನಾಟಕದ ವಿಡಿಯೋ ಹಾಕಿಕೊಂಡು ಭೀಮನ ಪಾತ್ರಕ್ಕೆ ತಲೆದೂಗುತ್ತಿದ್ದ. ಪಿಯುಸಿ ಓದುವ ಮೊಮ್ಮಗಳು ರಾಧಾಮಣಿ ಪಾಠಕ್ಕೆಂದು ನಾಲ್ಕು, ಆಟಕ್ಕೆಂದು ಎಂಟು ಆಪು ತುಂಬಿಸಿಟ್ಟಿದ್ದಳು. ಬೆಳಿಗ್ಗೆ ನೂರಿದ್ದ ಚಾರ್ಜು ಹನ್ನೊಂದಕ್ಕೆಲ್ಲ ಇಪ್ಪತ್ತಕ್ಕೆ ಇಳಿಯುತ್ತಿತ್ತು.

ಒಂದು ಶುಕ್ರವಾರ ಹಾಗೇ ಆಗಿ ಫೋನು ನಡುದಾರಿಯಲ್ಲಿ ಸತ್ತಿತು. ಅದೇ ಹೊತ್ತಿಗೆ ಪಕ್ಕದ ಹಳ್ಳಿಯ ಒಬ್ಬ ಹುಡುಗಿಗೆ ಹೆರಿಗೆ ನೋವು ಶುರುವಾಯಿತು. ಮನೆಯವರು ವನಜಾಕ್ಷಿಗೆ ಫೋನು ಮಾಡಿ ಮಾಡಿ ಸಾಕಾಗಿ ಆಟೋ ಹತ್ತಿಸಿದರು. ಬಡವನಹಳ್ಳಿ ಆಸ್ಪತ್ರೆ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಆಟೋದಲ್ಲಿ ಹೆರಿಗೆಯಾಯಿತು. ತಾಯಿ ಮಗು ಉಳಿದುಕೊಂಡರು. ಆದರೆ ಡಾಕ್ಟರು ನಾಲ್ಕು ಜನರ ಮುಂದೆ, “ಫೋನ್ ಎತ್ತೋಕೆ ಆಗಲ್ಲ ಅಂದ್ರೆ ಈ ಕೆಲಸ ಯಾಕಮ್ಮಾ ನಿಮಗೆ?” ಅಂದರು.

ವನಜಾಕ್ಷಿ ಮನೆಗೆ ಬಂದವಳು ಚೀಲವನ್ನು ಜಗಲಿಯ ಮೇಲೆ ಎಸೆದಳು.

“ಮುದ್ದೆ ಆಗೈತೆ, ಕೈ ತೊಳ್ಕ ಬಾರವ್ವ” ಅಂದಳು ರಾಮಾಂಜಿನಮ್ಮ.

“ನಂಗೇನೂ ಬ್ಯಾಡ ಅತ್ತೆ. ಎಲ್ರೂ ಸೇರ್ಕಂಡು ನನ್ನ ಫೋನು ತಿಂದಾಕ್ಬುಟ್ರಿ. ಅವ್ರಿಗೆ ನಾಟ್ಕ, ಇವ್ಳಿಗೆ ಆಟ, ನಿಮ್ಗೆ ಮಗಳ ದನಿ. ನೀವು ಆ ಗಿಳಿ ಮುಂದೆ ಹಿಂಗೇ ಕುಂತಿದ್ರೆ ನಾಳೆ ನನ್ನ ಕೆಲ್ಸ ಹೋಗ್ತದೆ!”

ರಾಮಾಂಜಿನಮ್ಮ ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಸೊಸೆಯ ಮಾತು ಎದೆಯೊಳಗೆ ಹೋಗಿ ಕೂತುಕೊಂಡಿತು.

ಸಂಜೆ ಮುತ್ತುರಾಜ ಬಂದ. ನಡೆದದ್ದನ್ನು ಕೇಳಿ ಮಗಳನ್ನು ಕರೆದ. “ಏನೋ ಸೆಟ್ಟಿಂಗ್ ಇರ್ತದಂತಲ್ಲಮ್ಮ, ನೋಡು. ನಿಮ್ಮವ್ವಂಗೆ ಮಾತು ಬರಂಗೆ ಮಾಡ್ಬುಟ್ವಿ.”

ವನಜಾಕ್ಷಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಗೋಡೆಯ ಮೇಲಿನ ಬುದ್ಧ, ಬಾಬಾಸಾಹೇಬರ ಪಟಗಳ ಕೆಳಗೆ ಕೂತು ರಾಧಾಮಣಿ ಫೋನನ್ನು ತೀಡಿದಳು.

“ನೋಡಪ್ಪ, ಯಾವ ಆಪು ಎಷ್ಟು ಚಾರ್ಜ್ ತಿಂದೈತೆ ಅಂತ ಇಲ್ಲೇ ಬರ್ದೈತೆ. ನಾವು ಮುಚ್ಚಿಟ್ರೂ ಇವು ಒಳಗೊಳಗೇ ನೆಟ್ ಎಳೀತಾನೇ ಇರ್ತವೆ. ಹೊಸದೇನಾದ್ರೂ ಬಂತಾ, ಬಂತಾ ಅಂತ ನಿಮಿಷಕ್ಕೊಂದು ಸಲ ಕೇಳ್ಕಂಡು ಬರ್ತವೆ. ಬ್ಯಾಕ್‌ಗ್ರೌಂಡ್ ಡೇಟಾ ಅಂತಾರೆ ಅದನ್ನ.”

“ಹಂಗಾದ್ರೆ ಮನೇಲಿ ನಿಲ್ದೆ ಬೀದಿ ಸುತ್ತೋ ಜಾತಿ ಅನ್ನು” ಅಂದಳು ರಾಮಾಂಜಿನಮ್ಮ.

“ಹೂಂ ಅಜ್ಜಿ. ನಿನ್ನ ಮಗನ ನಾಟ್ಕ ಹದಿನೆಂಟು ಪರ್ಸೆಂಟು. ನನ್ನ ಆಟ ಹನ್ನೆರಡು. ಅಯ್ಯೋ, ಇದ್ಯಾವ್ದು ಈ ಗಿಳಿ? ಇಪ್ಪತ್ತಾರು! ಎಲ್ಲಾರಿಗಿಂತ ಇದೇ ಜಾಸ್ತಿ ತಿಂದೈತೆ. ಯಾರು ಹಾಕ್ಕಂಡಿದ್ದು ಇದನ್ನ?”

ರಾಮಾಂಜಿನಮ್ಮ ಓರೆಗಣ್ಣಲ್ಲಿ ನೋಡಿದಳು. ಮಗ ಎದುರಿಗೇ ಕೂತಿದ್ದ.

“ಯಾರಾದ್ರೂ ಹಾಕ್ಕಂಡಿರ್ಲಿ, ಮೊದ್ಲು ಅದರ ಬಾಯಿ ಮುಚ್ಚು” ಅಂದ ಮುತ್ತುರಾಜ.

“ತೆಗೆದೇ ಹಾಕ್ಬುಡ್ಲಾ?”

“ತೆಗೀಬ್ಯಾಡ ಕಣಮ್ಮಿ!” ಮುದುಕಿಯ ದನಿ ತಾನಾಗಿ ಏರಿತು. ಇಬ್ಬರೂ ತಿರುಗಿ ನೋಡಿದಾಗ, “ಗಿಳಿ ಚೆಂದಾಗೈತೆ, ಇರ್ಲಿ ಬುಡು” ಅಂದಳು.

ರಾಧಾಮಣಿ ನಕ್ಕಳು. “ಸರಿ ಅಜ್ಜಿ, ನಿನ್ನ ಗಿಳಿ ಇಲ್ಲೇ ಇರ್ಲಿ. ಬ್ಯಾಕ್‌ಗ್ರೌಂಡ್ ಡೇಟಾ ಮಾತ್ರ ಆಫ್ ಮಾಡ್ತೀನಿ. ತೆರೆದಾಗ ಮಾತಾಡ್ತದೆ, ಮುಚ್ಚಿದಾಗ ತೆಪ್ಪಗಿರ್ತದೆ.”

ಅಷ್ಟಾದರೆ ಸಾಕಲ್ಲ ಅಂದುಕೊಂಡಳು ರಾಮಾಂಜಿನಮ್ಮ. ಗಿಳಿಯನ್ನು ಯಾರಾದರೂ ತೆರೆಯುವ ತನಕ ಅದು ‘ಕೀಂ’ ಅನ್ನುವುದಿಲ್ಲ, ಕೆಂಪು ಚುಕ್ಕೆಯೂ ಮೂಡುವುದಿಲ್ಲ ಎಂದು ಅವಳಿಗೆ ಹೇಗೆ ತಿಳಿಯಬೇಕು?

ಮಾರನೆಯ ದಿನದಿಂದ ಚಾರ್ಜು ಬಾಳಿಕೆ ಬಂತು. ಸಂಜೆಯಾದರೂ ಫೋನಿನಲ್ಲಿ ಅರ್ಧ ಉಳಿದಿರುತ್ತಿತ್ತು. ವನಜಾಕ್ಷಿಯ ಮುಖ ಗೆಲುವಾಯಿತು. ಸಾರಿಗೆ ಒಂದು ಹಿಡಿ ಕಾಯಿ ಜಾಸ್ತಿ ಬಿತ್ತು. ಮುತ್ತುರಾಜ ತನ್ನ ಕೆಲಸವೇ ಅದು ಅನ್ನುವಂತೆ ಮಗಳ ಬೆನ್ನು ತಟ್ಟಿದ.

ಮಧ್ಯಾಹ್ನಗಳು ಮಾತ್ರ ಬರಿದಾದವು. ರಾಮಾಂಜಿನಮ್ಮ ಹುಣಸೇಹಣ್ಣಿನ ಮೊರ ಮುಂದಿಟ್ಟುಕೊಂಡು ಕಾಯುವಳು. ಬೆಟ್ಟ ತೇಲುವುದು, ಹೊಂಗೆಯ ನೆರಳು ಜಗಲಿಯಿಂದ ಅಂಗಳಕ್ಕೆ ಸರಿಯುವುದು. ಕಣ್ಣು ಕೂಡಿದರೆ ಎಲ್ಲೋ ‘ಕೀಂ’ ಅಂದಂತಾಗಿ ಬೆಚ್ಚಿ ಏಳುವಳು. ಫೋನು ಕೈಗೆತ್ತಿ ನೋಡಿದರೆ ಗಿಳಿ ಇದೆ, ಕೆಂಪು ಚುಕ್ಕೆ ಇಲ್ಲ. ಚುಕ್ಕೆ ಇಲ್ಲವೆಂದರೆ ಮಾತು ಬಂದಿಲ್ಲ. ಹಾಗೇ ಕೆಳಗಿಡುವಳು.

ನಾಲ್ಕು ದಿನವಾಯಿತು, ಎಂಟು ದಿನವಾಯಿತು. ಸೊಸೆಯನ್ನು ಕೇಳಬಹುದಿತ್ತು. ಆದರೆ ಶುಕ್ರವಾರದ ಮಾತು ಅಡ್ಡ ಬರುತ್ತಿತ್ತು. ಇವಳೇ ಫೋನು ಮಾಡಿ, ‘ಇನ್ಮೇಲೆ ಮಾತು ಕಳಿಸಬ್ಯಾಡ’ ಅಂದಿರಬೇಕು ಎಂಬ ಅನುಮಾನ ದಿನದಿನಕ್ಕೂ ಬೇರುಬಿಟ್ಟಿತು. ಊಟ ಕಮ್ಮಿಯಾಯಿತು.

“ಅರ್ಧ ಮುದ್ದೇನೂ ಬುಟ್ಟಿದ್ದೀರಲ್ಲ ಅತ್ತೆ, ಮೈ ಹುಷಾರಿಲ್ವಾ?” ವನಜಾಕ್ಷಿ ಕೇಳಿದಳು.

“ನಾನು ಕಮ್ಮಿ ತಿಂದ್ರೆ ನಿಂಗೂ ಉಳೀತದಲ್ಲ. ಆಗ್ಲೇ ಎಲ್ಲಾ ತಿಂದಾಕ್ಬುಟ್ಟಿದ್ದೀನಂತೆ.”

“ಏನು ಮಾತೂಂತ ಆಡ್ತೀರಿ! ನಾನೇನು ನಿಮ್ಮ ಊಟದ ಮಾತಾಡಿದ್ನಾ?”

“ಯಾವ್ದರ ಮಾತೋ. ಬಡವರ ಬಾಯಿ ಮುಚ್ಚೋದು ಸುಲಭ.”

ಸೊಸೆ ಪಾತ್ರೆಯನ್ನು ಸದ್ದು ಮಾಡಿ ಇಟ್ಟಳು. ಅವತ್ತಿನಿಂದ ಇಬ್ಬರ ನಡುವೆ ನೀರು ಬಂತಾ, ಹಾಲು ಕಾಯಿತಾ, ಅಷ್ಟೇ ಮಾತು.

ಹನ್ನೆರಡನೆಯ ದಿನ ಬುಧವಾರ. ಬೆಳಿಗ್ಗೆ ಮುತ್ತುರಾಜ ಬಾಗಿಲ ಬಳಿ ಕೂತು ಕಾಫಿ ಕುಡಿಯುತ್ತಿದ್ದ. ಯಾರಿಗೆ ಹೇಳುತ್ತಿದ್ದೇನೆ ಅನ್ನುವುದು ಗೊತ್ತಾಗದ ಹಾಗೆ ಅಂಗಳ ನೋಡಿಕೊಂಡು ಹೇಳಿದ.

“ನೆನ್ನೆ ಬಸ್ ಸ್ಟ್ಯಾಂಡಲ್ಲಿ, ಪಾವಗಡದ ಬಸ್ಸು ನಿಲ್ಲೋ ತಾವ, ಒಬ್ಳು ಹೆಂಗಸು ಕುಂತಿದ್ಲು. ಪಟಾಲಮ್ಮನಂಗೇ ಇದ್ಲು. ಜೊತೇಲಿ ಒಂದು ಮಗಾ.”

ರಾಮಾಂಜಿನಮ್ಮನ ಕೈಯಲ್ಲಿದ್ದ ಪೊರಕೆ ನಿಂತಿತು.

“ಮಾತಾಡಿಸ್ಲಿಲ್ವಾ?” ವನಜಾಕ್ಷಿ ಒಳಗಿಂದ ಬಂದಳು.

“ಅವ್ಳೋ ಅಲ್ವೋ ಯಾರಿಗ್ಗೊತ್ತು. ನಾನು ಆ ಕಡೆಯಿಂದ ಬಂದ್ಬುಟ್ಟೆ.”

ರಾಮಾಂಜಿನಮ್ಮ ಪೊರಕೆಯನ್ನು ಅಲ್ಲೇ ಬಿಟ್ಟಳು. ಮಗ ಎದುರಿಗಿದ್ದಾನೆ ಅನ್ನುವುದನ್ನೂ ಮರೆತು ಸೊಸೆಯ ಮುಂದೆ ನಿಂತಳು. “ವನಜಾ, ನಿಜ ಹೇಳವ್ವ. ಅವ್ಳಿಗೆ ನೀನು ಏನಂದೆ? ಹನ್ನೆರಡು ದಿನ ಆಯ್ತು ನನ್ನ ಮಗಳ ದನಿ ಕೇಳಿ.”

“ನಾನಾ? ನಾನ್ಯಾಕೆ ಅನ್ಲಿ ಅತ್ತೆ? ನೀವೇ ಸಿಟ್ಟು ಮಾಡ್ಕಂಡು ಫೋನ್ ಮುಟ್ತಾ ಇಲ್ಲ ಅಂದ್ಕಂಡಿದ್ದೆ!”

“ಚುಕ್ಕೆ ಬಂದ್ರೆ ತಾನೇ ಮುಟ್ಟೋದು?”

ರಾಧಾಮಣಿ ಜಡೆ ಹಾಕಿಕೊಳ್ಳುತ್ತಿದ್ದವಳು ಹಾಗೇ ನಿಂತಳು. “ಅಜ್ಜಿ... ಆ ಗಿಳಿ... ಅದು ಪಟಾಲಮ್ಮತ್ತೆ ಮಾತಾಡೋದಾ? ನಾನೇ ಮುಚ್ಚಿದ್ದು ಅಜ್ಜಿ.”

ಅವಳು ಫೋನು ತೆಗೆದು ಗಿಳಿಯನ್ನು ಒತ್ತಿದಳು. ಬಿಳಿಯ ಪರದೆಯ ಮೇಲೆ ಒಂದು ಬಳೆ ಸುತ್ತಿತು, ಸುತ್ತಿತು. ಆಮೇಲೆ ಕೀಂ. ಕೀಂ. ಕೀಂ. ಎಣಿಸುವುದಕ್ಕೆ ಆಗದ ಹಾಗೆ ಒಂದರ ಹಿಂದೆ ಒಂದು. ಅಂಗಳದಲ್ಲಿ ಕಾಳು ಹೆಕ್ಕುತ್ತಿದ್ದ ಕೋಳಿ ಕತ್ತೆತ್ತಿ ನೋಡಿತು.

ಮುತ್ತುರಾಜ ಕಾಫಿ ಲೋಟ ಹಿಡಿದುಕೊಂಡೇ ಇದ್ದ. “ಏನಿದು?” ಅಂದ. ಉತ್ತರ ಫೋನಿನೊಳಗಿಂದಲೇ ಬಂತು.

“ಅವ್ವಾ, ಕಡ್ಲೆಕಾಯಿ ಬಿಡಿಸ್ತಾ ಕುಂತಿದ್ದೀನಿ. ಸದ್ದು ಕೇಳ್ತದಾ?” ಪಟ್ ಪಟ್ ಅನ್ನುವ ಸದ್ದು. ಹಿಂದೆ ಎಲ್ಲೋ ಒಂದು ಕಾಗೆ.

“ಅವ್ವಾ, ಸುಜಾತಂಗೆ ಜ್ವರ ಬಂದಿತ್ತು, ಬುಡ್ತು. ರಾತ್ರಿಯೆಲ್ಲ ನಿನ್ನ ಹೆಸ್ರು ಹೇಳಿ ಮಲಗಿಸ್ದೆ.”

“ಅವ್ವಾ, ಕೇಳಿಸ್ಕ. ಬರೋ ಮಂಗಳವಾರ ಮಧುಗಿರೀಲಿ ನಂಗೊಂದು ಕೆಲ್ಸ ಐತೆ. ಮಗೀನೂ ಕರ್ಕಂಡು ಬತ್ತೀನಿ. ಅಣ್ಣ ಆಫೀಸಲ್ಲಿರ್ತಾನೆ. ನೀನು ಹತ್ತು ಗಂಟೆಗೆ ಬಸ್ ಸ್ಟ್ಯಾಂಡ್ ತಾವ ಬಾ. ಒಂದ್ಗಳಿಗೆ ನೋಡ್ಕಂಡು ಹೋಗು. ಬತ್ತೀಯಾ?”

“ಬತ್ತೀಯಾ ಅವ್ವಾ? ಹೂಂ ಅನ್ನು.”

“ಯಾಕವ್ವ ಮಾತೇ ಇಲ್ಲ? ಅಣ್ಣಂಗೆ ಗೊತ್ತಾಯ್ತಾ?”

ರಾಮಾಂಜಿನಮ್ಮ ಗೋಡೆಗೆ ಒರಗಿ ಕೂತಳು. ಹನ್ನೆರಡು ದಿನಗಳು ಕಣ್ಣೆದುರೇ ಹರಿದು ಹೋಗುತ್ತಿದ್ದವು. ಅವಳು ಜಗಲಿಯಲ್ಲಿ ತೂಕಡಿಸಿದ ಒಂದೊಂದು ಮಧ್ಯಾಹ್ನದಲ್ಲೂ ಮಗಳು ಇದ್ದಳು, ಮಾತಾಡುತ್ತಲೇ ಇದ್ದಳು. ಮುಂದಿನದರಲ್ಲಿ ಬಸ್ಸುಗಳ ಹಾರ್ನು, ಕಂಡಕ್ಟರನ ಕೂಗು. ಅದರ ನಡುವೆ ಪುಟ್ಟ ದನಿಯೊಂದು ತೆಲುಗಿನಲ್ಲಿ, “ಅಮ್ಮಾ, ಅವ್ವ ಏದಿ?” ಅಂತು. ಆ ಕಡೆ ಅಜ್ಜಿಯನ್ನು ಅವ್ವ ಅನ್ನುತ್ತಾರೆ. ಅಜ್ಜಿ ಎಲ್ಲಿ ಅಂತ ಮಗು ಕೇಳುತ್ತಿತ್ತು.

ಕೊನೆಯದರಲ್ಲಿ ಪಟಾಲಮ್ಮನ ದನಿ ತಣ್ಣಗಿತ್ತು.

“ಒಂದು ಗಂಟೆವರ್ಗೂ ಕಾದೆ ಕಣವ್ವ. ಅತ್ತಿಗೆ ನಂಬರಿಗೂ ಮಾಡ್ದೆ, ಸಿಗ್ಲಿಲ್ಲ. ಮಗಾ ತೊಡೆ ಮೇಲೆ ಮಲೀಕಂತು. ಅಣ್ಣ ಆ ಕಡೆಯಿಂದ ಹೋದ. ನನ್ನ ನೋಡ್ದ, ನೋಡಿ ಹೋದ. ಹೋಗ್ಲಿ ಬುಡು. ಅಪ್ಪನ ಮಣ್ಣಿಗೇ ನಂಗೆ ಕಾಯದಿದ್ದೋನು. ಇನ್ಮೇಲೆ ನಾನು ಮಾತು ಕಳ್ಸಲ್ಲ. ನಿನ್ನ ಮೈ ಹುಷಾರು.”

ಗಿಳಿ ಸುಮ್ಮನಾಯಿತು.

“ನೆನ್ನೆ ಗುಡ್ಡದ ಹಟ್ಟೀಲಿದ್ದೆ ಅತ್ತೆ, ಅಲ್ಲಿ ಸಿಗ್ನಲ್ ಇರ್ಲಿಲ್ಲ” ಅಂದಳು ವನಜಾಕ್ಷಿ. ಅವಳು ಬಂದು ಅತ್ತೆಯ ಪಕ್ಕ ಕೂತಳು. ರಾಮಾಂಜಿನಮ್ಮ ಸೊಸೆಯ ಕೈ ಹಿಡಿದುಕೊಂಡಳು.

ಮುತ್ತುರಾಜ ಎದ್ದು ಹೊರಗೆ ಹೋದ. ಆಫೀಸಿನ ಬಸ್ಸು ಬಂತು, ಹೋಯಿತು. ಅವನು ಹೊಂಗೆಮರದ ಕೆಳಗೇ ನಿಂತಿದ್ದ. ಎಷ್ಟೋ ಹೊತ್ತಾದ ಮೇಲೆ ಒಳಗೆ ಬಂದು, “ರಾಧಾ, ನಾವು ಮಾತಾಡಿದ್ದೂ ಇದ್ರಲ್ಲಿ ಹೋಗ್ತದಾ?” ಅಂತ ಕೇಳಿದ.

ಅವಳು ತೋರಿಸಿಕೊಟ್ಟಳು. ಅವನು ಫೋನನ್ನು ಬಾಯಿಯ ಹತ್ತಿರ ಹಿಡಿದ. “ಪಟಾಲಮ್ಮಾ” ಅಂದ. ಮುಂದಕ್ಕೆ ಬರಲಿಲ್ಲ. ನಾಲ್ಕು ಸೆಕೆಂಡು ಉಸಿರಾಡಿ ಬೆರಳು ತೆಗೆದ. ಅಷ್ಟೇ ಹೋಯಿತು.

ಆ ಸಂಜೆ ಮನೆಮಂದಿಯೆಲ್ಲ ಸುತ್ತ ಕೂತು ಮತ್ತೊಮ್ಮೆ ಫೋನಿನ ಪಟ್ಟಿ ನೋಡಿದರು. “ಗಿಳಿಗೂ ಅವ್ವನ ಕೆಲಸದ ಗ್ರೂಪಿಗೂ ಬ್ಯಾಕ್‌ಗ್ರೌಂಡ್ ಡೇಟಾ ಬಿಡ್ತೀನಿ. ಮಿಕ್ಕಿದ್ದೆಲ್ಲ ಬಂದ್” ಅಂದಳು ರಾಧಾಮಣಿ.

“ಚಾರ್ಜ್ ಸಾಲ್ದಿದ್ರೆ?” ವನಜಾಕ್ಷಿ ಕೇಳಿದಳು.

“ನಾಟ್ಕ ತೆಗೆದಾಕು” ಅಂದ ಮುತ್ತುರಾಜ. ರಾಧಾಮಣಿ ತನ್ನ ಎಂಟು ಆಟಗಳನ್ನೂ ಒಂದೊಂದಾಗಿ ಅಳಿಸಿದಳು.

ಗಿಳಿ ಮಾತ್ರ ಮಾತಾಡಲಿಲ್ಲ. ಅಣ್ಣ ಕಳಿಸಿದ್ದನ್ನು ತಂಗಿ ಕೇಳಿದ್ದಾಳೆ ಎಂದು ಫೋನು ತೋರಿಸುತ್ತಿತ್ತು. ಗುರುವಾರ ಹೋಯಿತು, ಶುಕ್ರವಾರ ಹೋಯಿತು. ಸಾಯಂಕಾಲ ಮುತ್ತುರಾಜ ಬಂದವನೇ ಚಪ್ಪಲಿ ಬಿಡುವ ಮೊದಲೇ, “ಏನಾದ್ರೂ ಬಂತಾ?” ಅನ್ನುತ್ತಿದ್ದ. ಶನಿವಾರ ಅವನೇ ತಾಯಿಗೆ ಹೇಳಿದ.

“ಅವ್ವಾ, ಬೆಳಿಗ್ಗೆ ಸೀರೆ ಉಟ್ಕ. ಹೋಗಾನ.”

“ಫೋನ್ ಮಾಡಿ ಹೇಳಾನ ಕಣ್ಲಾ.”

“ಮಾಡಿದ್ರೆ ಬರ್ಬ್ಯಾಡ ಅಂತಾಳೆ. ಹೋಗ್ಬುಡಾನ.”

ಭಾನುವಾರ ನಸುಕಿಗೇ ವನಜಾಕ್ಷಿ ಎದ್ದು ಹುರಿಗಡಲೆ ಉಂಡೆ ಕಟ್ಟಿದಳು. ತಾಯಿ ಮಗ ಮಧುಗಿರಿಯಲ್ಲಿ ಬಸ್ಸು ಬದಲಿಸಿದರು, ಪಾವಗಡದಲ್ಲಿ ಇನ್ನೊಂದು ಹತ್ತಿದರು. ತಿರುಮಣಿ ಕಡೆಗೆ ತಿರುಗಿದ ಮೇಲೆ ರಾಮಾಂಜಿನಮ್ಮ ಕಿಟಕಿಗೆ ಮುಖ ಆನಿಸಿದಳು. ಕಣ್ಣು ಹಾಯುವ ತನಕ ನೀಲಿ ನೀರು ಹರಡಿಕೊಂಡಿತ್ತು. ಅದರ ಮೇಲೆ ಬಿಸಿಲು ಸಣ್ಣಗೆ ನಡುಗುತ್ತಿತ್ತು.

“ಎಷ್ಟು ದೊಡ್ಡ ಕೆರೆ ಕಣ್ಲಾ. ನಮ್ಮ ಪಟಾಲಮ್ಮಂಗೆ ನೀರಿನ ಚಿಂತೆ ಇಲ್ಲ.”

“ಕೆರೆ ಅಲ್ಲ ಕಣವ್ವ, ಸೋಲಾರು. ಬಿಸಿಲಲ್ಲಿ ಕರೆಂಟ್ ಮಾಡ್ತಾರೆ.”

ಮುದುಕಿ ತಲೆಯಾಡಿಸಿದಳು. ಆದರೂ ಅವಳ ಕಣ್ಣಿಗೆ ಅದು ನೀರಿನಂತೆಯೇ ಕಂಡಿತು. ಬಸ್ಸು ಆ ನೀರಿನ ದಂಡೆಯಲ್ಲೇ ಬಹಳ ಹೊತ್ತು ಸಾಗಿತು.

ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಮಹಾಲಕ್ಷ್ಮಮ್ಮ ಎಂಬಾಕೆ ಹೊರಬಂದು, “ಎವರಮ್ಮಾ ಮೀರು, ಯಾರು ನೀವು? ಪಟಾಲಮ್ಮ ಸೋಲಾರ್ ತಾವ ಹುಲ್ಲು ಕೊಯ್ಯೋ ಕೆಲ್ಸಕ್ಕೆ ಹೋಗವ್ಳೆ. ಮೂರಾಗ್ತದೆ ಬರೋದು” ಅಂತ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು. ಅವಳ ಸೆರಗಿನ ಹಿಂದಿನಿಂದ ಒಂದು ಮಗು ಇಣುಕಿತು. ಕದಿರಯ್ಯನದೇ ಹಣೆ.

ಮಗು ಮುದುಕಿಯನ್ನು ಮೇಲಿಂದ ಕೆಳಗೆ ನೋಡಿ, “ನುವ್ವೇನಾ ಅವ್ವ?” ಅಂದಿತು. ನೀನೇನಾ ಅಜ್ಜಿ?

“ಹೂಂ ಕಂದಾ, ನಾನೇ” ಅಂದಳು ರಾಮಾಂಜಿನಮ್ಮ. ಚೀಲ ಬಿಚ್ಚಿ ಉಂಡೆ ಕೊಟ್ಟಳು. ಮಗು ಉಂಡೆ ತಿಂದು ಅವಳ ತೊಡೆಯ ಮೇಲೆ ತಲೆಯಿಟ್ಟಿತು.

ಮಹಾಲಕ್ಷ್ಮಮ್ಮ ಊಟಕ್ಕೆ ಕರೆದಳು. ಮುತ್ತುರಾಜ ಒಲ್ಲೆ ಅಂದ. “ಅವ್ವಂಗೆ ಇಕ್ರಮ್ಮ. ನಾನು ತಂಗಿ ಬಂದ್ಮೇಲೆ ಉಣ್ತೀನಿ.” ಮೆಟ್ಟಿಲ ಮೇಲೆ ಬಿಸಿಲು ಬಂದರೂ ಅವನು ಎದ್ದು ನೆರಳಿಗೆ ಹೋಗಲಿಲ್ಲ.

ಮೂರೂವರೆಗೆ ಪಟಾಲಮ್ಮ ಬಂದಳು. ತಲೆಗೆ ಟವೆಲು, ಕೈಯಲ್ಲಿ ಕುಡುಗೋಲು. ಅಣ್ಣನನ್ನು ಕಂಡು ಬೀದಿಯಲ್ಲೇ ನಿಂತಳು.

“ಯಾವಾಗ ಬಂದ್ರಿ?”

“ಹನ್ನೊಂದಕ್ಕೆ.”

“ಊಟ?”

“ನೀನು ಬರ್ಲಿ ಅಂತ.”

ಅವಳು ಕುಡುಗೋಲನ್ನು ಗೋಡೆಗೆ ಆನಿಸಿಟ್ಟಳು. ತಾಯಿಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು ಅವಳ ಮೊಣಕಾಲಿಗೆ ಹಣೆ ಒತ್ತಿದಳು. ರಾಮಾಂಜಿನಮ್ಮ ಮಗಳ ತಲೆಯ ಟವೆಲು ಬಿಚ್ಚಿ ಅದರಲ್ಲೇ ಅವಳ ಮುಖದ ಬೆವರು ಒರೆಸಿದಳು. ಆಮೇಲೆ ಪಟಾಲಮ್ಮ ಎದ್ದು ಬೀಗ ತೆಗೆದು ಒಳಗೆ ಹೋಗಿ ಒಲೆ ಹಚ್ಚಿದಳು. ಅಣ್ಣ ಹಿಂದೆಯೇ ಹೋದ.

ರಾಮಾಂಜಿನಮ್ಮ ಮಲಗಿದ್ದ ಮಗುವಿನೊಡನೆ ಹೊರಗೇ ಉಳಿದಳು. ಒಳಗೆ ಮುದ್ದೆಕೋಲಿನ ಸದ್ದಾಯಿತು, ತಟ್ಟೆಯಿಟ್ಟ ಸದ್ದಾಯಿತು. ಆಮೇಲೆ ಮಗಳ ದನಿ ಛಾವಣಿಗೆ ಏರಿತು.

“ಒಂದು ಗಂಟೆ! ಒಂದೇ ಒಂದು ಗಂಟೆ ಕಾಯಕ್ಕಾಗ್ಲಿಲ್ವಾ ನಿಂಗೆ ಅವತ್ತು?”

“ಮಳೆ ಬರ್ತಿತ್ತು ಕಣೇ! ಊರೋರೆಲ್ಲ ಮೇಲೆ ಬಿದ್ರು!”

“ಊರೋರ ಅಪ್ಪನಾ ಸತ್ತಿದ್ದು?”

ಮಹಾಲಕ್ಷ್ಮಮ್ಮ ಗೋಡೆಯ ಮೇಲಿಂದ ಇಣುಕಿದಳು. “ಏಂದಮ್ಮಾ, ಗೊಡವಾ? ಜಗಳಾನಾ?”

“ಏಳು ವರ್ಷದ ಮಾತು ಕಣಮ್ಮ” ಅಂದಳು ರಾಮಾಂಜಿನಮ್ಮ. “ಆಡ್ಕಳ್ಳಿ ಬುಡು.”

“ಮಳೆ ಬಂದ್ರೆ ನೆನೀಬೇಕಾಗಿತ್ತು!” ಒಳಗಿಂದ ಪಟಾಲಮ್ಮ ಅಳುತ್ತಾ ಕೂಗಿದಳು.

ಈ ಸಲ ಜವಾಬು ತಡವಾಯಿತು.

“ಹೂಂ” ಅಂದ ಮುತ್ತುರಾಜ. “ನೆನೀಬೇಕಾಗಿತ್ತು.”

ಒಲೆಯಲ್ಲಿ ಸೌದೆ ಚಟಚಟ ಅಂದದ್ದು ಕೇಳಿಸಿತು. ಯಾರೋ ಮೂಗು ಒರೆಸಿಕೊಂಡರು.

“ಇನ್ನರ್ಧ ಮುದ್ದೆ ಇಕ್ಲಾ?”

“ಇಕ್ಕು.”